ಗೋಡೆಯೊಳಗಿನ ಜೇನು

ಐದು ತಿಂಗಳ ಮೇಲೆ ದೀವಾನ್ ಸಿಂಗ್ ಮೆಟ್ಟಿಲು ಹತ್ತಿ ಬಂದಾಗ ಖಷ್ಟಿ ಅತಿಥಿಗಳ ರಜಾಯಿಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಅವನ ಅಂಗೈಯಲ್ಲಿ ಮೇಣದ ಉಂಡೆಯಿತ್ತು.

"ಗೂಡಿಗೆ ಸವರಿ ಹೋಗ್ತೀನಿ. ಬುರಾಂಶ್ ಹೂ ಅರಳಿದೆ... ಮೇಣದ ವಾಸನೆಗೆ ಹೊಸ ಜೇನು ಬಂದರೆ, ಈಜಾ ಕ್ಷಮಿಸಿದಳು ಅಂದ್ಕೋತೀನಿ."

ಖಷ್ಟಿ ಹರವಿದ ರಜಾಯಿಯನ್ನೇ ಮತ್ತೆ ಮಡಚತೊಡಗಿದಳು.

ಜೇನುಗೂಡಿದ್ದದ್ದು ಮನೆಯ ಕಲ್ಲುಗೋಡೆಯಲ್ಲೇ. ಹೊರಗೆ ಬೆರಳು ತೂರುವಷ್ಟು ತೂತು, ಒಳಗೆ ದೇವದಾರು ಹಲಗೆ. ದೀವಾನನ ಅಜ್ಜ ಮನೆ ಕಟ್ಟುವಾಗಲೇ ಬಿಟ್ಟ ಜಾಗ. ಅವನ ತಾಯಿ ಈಜಾ ತೀರಿಕೊಂಡ ಮೇಲೆ ಮನೆಗೆ ಒಂಬತ್ತು ವರ್ಷ ಬೀಗ ಬಿತ್ತು. ಮಾಡು ಕುಸಿಯಿತು, ಜೇನು ಮಾತ್ರ ಹೋಗಲಿಲ್ಲ.

ಪ್ರವಾಸಿಗರಿಗೆ ತಂಗಲು ಕೊಡೋಣ, ತಾನೇ ನೋಡಿಕೊಳ್ಳುತ್ತೇನೆಂದು ಅವನ ಬೆನ್ನು ಬಿದ್ದವಳು ಖಷ್ಟಿ. ಇಬ್ಬರೂ ಚಪ್ಪಡಿ ಹೊತ್ತು ಮಾಡು ಹೊದಿಸಿದ್ದರು. ಹೊರುತ್ತ ಹೊರುತ್ತ ಮದುವೆಯ ಮಾತೂ ಅರ್ಧ ಬಂದಿತ್ತು. ಅವನು ಕೇಳಿಕೊಂಡದ್ದು ಒಂದೇ, ಗೂಡು ಮುಟ್ಟಬಾರದು.

ಕಾರ್ತಿಕದಲ್ಲಿ ಅತಿಥಿಯೊಬ್ಬರ ಮಗುವಿಗೆ ಜೇನು ಕಚ್ಚಿತು. ಖಷ್ಟಿ ತೂತಿಗೆ ಮಣ್ಣು ಮೆತ್ತಿದಳು. ನಾಳೆ ತೆಗೆದರಾಯಿತು ಅಂದುಕೊಂಡಳು. ಅತಿಥಿಗಳು ವಾರ ಉಳಿದರು...

ದೀವಾನ್ ಕೇಳಿದಾಗ, ಎದ್ದು ಹೋದವು ಅಂದುಬಿಟ್ಟಳು.

ಜೇನು ಗೂಡು ಬಿಟ್ಟರೆ ಮನೆಗೆ ಮುನಿಸು ಬಂತು ಎನ್ನುತ್ತಿದ್ದಳು ಈಜಾ. ಪರರನ್ನು ಮಲಗಿಸಿದ್ದು ತಾಯಿಗೆ ಹಿಡಿಸಲಿಲ್ಲ ಎಂದು ದೀವಾನ್ ತಲೆ ತಗ್ಗಿಸಿ ಇಳಿದು ಹೋದ. ಮತ್ತೆ ಬರಲಿಲ್ಲ. ಚಳಿಗಾಲವಿಡೀ ಖಷ್ಟಿ ಆ ಗೋಡೆಗೆ ಬೆನ್ನು ಮಾಡಿ ಮಲಗಿದಳು.

ಈಗ ಅವಳೇ ಮುಂದಾಗಿ ಒಳಗೆ ನಡೆದು ಹಲಗೆ ಕಿತ್ತಳು. ಒಣಗಿದ ಹುಳುಗಳು ಕಡಲೆಹೊಟ್ಟಿನಂತೆ ಸುರಿದವು.

"ಈಜಾ ಮುನಿದಿರಲಿಲ್ಲ, ದೀವಾನ್. ನಾನು ಮುಚ್ಚಿದ್ದು."

ಅವನು ಮೊಣಕಾಲೂರಿ ಒಂದೊಂದೇ ಹುಳುವನ್ನು ಟೋಪಿಗೆ ಆಯ್ದುಕೊಂಡ. ಅವಳೂ ಕೂತು ಆಯತೊಡಗಿದಳು.

"ಐದು ತಿಂಗಳು ನನ್ನ ತಾಯಿಗೆ ನಾನು ಮುಖ ತೋರಿಸಲಿಲ್ಲ," ಅಂದ ಕೊನೆಗೆ. "ಅವಳ ಶ್ರಾದ್ಧಕ್ಕೂ ಈ ಹೊಸ್ತಿಲು ದಾಟಲಿಲ್ಲ."

"ನಿಜ ಹೇಳಿದರೆ ನೀನು ಬರೋದು ಬಿಡ್ತೀಯ ಅಂತ ಹೆದರಿದೆ."

"ಸುಳ್ಳು ಹೇಳಿದ್ದಕ್ಕೆ ಬಿಟ್ಟೆನಲ್ಲ."

ಅವಳಿಗೆ ಕ್ಷಮಿಸು ಎನ್ನಲೂ ನಾಚಿಕೆಯಾಯಿತು.

ಹುಳುಗಳನ್ನು ಬುರಾಂಶ್ ಮರದಡಿ ಹೂತು ಬಂದು, ಅವನು ಮೇಣವನ್ನು ಎರಡು ಮಾಡಿದ. ಒಂದು ತುಂಡು ಅವಳ ಕೈಗಿಟ್ಟ.

"ಸವರು. ಮುಚ್ಚಿದ ಕೈಯೇ ಕರೀಬೇಕು."

ಮೇಣ ಅವಳ ಬೆರಳಲ್ಲಿ ಮೆತ್ತಗಾಯಿತು. "ಬರದಿದ್ದರೆ...?"

"ಮುಂದಿನ ವರ್ಷ ಮತ್ತೆ ಸವರೋಣ."

"ಸವರೋಣ ಅಂದ್ಯಾ?"

"ಹ್ಞೂಂ," ಅಂದ ದೀವಾನ್, ಅವಳತ್ತ ನೋಡದೆ. "ನನ್ನ ಮನೆಯಲ್ಲಿ ನಿನ್ನೊಬ್ಬಳನ್ನೇ ನಂಬಿ ಬಿಡೋಕಾಗುತ್ತಾ?"