ಬೇಡ ಅಂದವನ ಕೋರ್ಸು

"ಬನ್ನಿ ಬನ್ನಿ, ಆಗಲೇ ತಡ ಆಯ್ತು! ಬೆರಳು ಮಾತ್ರ ಅಲ್ಲಾಡಿಸಬೇಡಿ!"

ಅವಳು ಬಾಗಿಲು ತಳ್ಳಿ ಒಳಗೆ ಕಾಲಿಟ್ಟಿದ್ದಷ್ಟೇ. ಬಿಳಿ ಕೋಟಿನ ಯುವಕನೊಬ್ಬ ಆ ಪರದೇಶದ ಭಾಷೆಯಲ್ಲಿ ಹೀಗೆಂದವನೇ, ಅವಳ ಬಲಗೈಯನ್ನು ತಣ್ಣನೆಯ ಪಾಕ ತುಂಬಿದ ಡಬ್ಬಿಯೊಳಗೆ ಇಳಿಸಿಯೇ ಬಿಟ್ಟ!

"ಅಯ್ಯೋ ದೇವರೇ! ಏನ್ರೀ ಇದು?"

ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಮಾತು. ಅವನು ತಟ್ಟನೆ ತಲೆಯೆತ್ತಿದ. ಅವನ ಕಣ್ಣು ಅರಳಿತು.

"ಅರೆ! ನೀವು ನಮ್ಮವರಾ? ಅಚ್ಚಿಗೆ ಕೈ ಕೊಡೋಕೆ ಬಂದವರಲ್ವಾ?"

"ನಾನು ಅಕೌಂಟ್ಸ್ ಕ್ಲಾಸ್ ಹುಡುಕ್ಕೊಂಡು ಬಂದವಳು!"

"ಅದು ಪಕ್ಕದ ಬಿಲ್ಡಿಂಗು..."

"ಹಾಗಾದ್ರೆ ಕೈ ಬಿಡಿಸಿ!"

"ಗಟ್ಟಿಯಾಗೋವರೆಗೂ ಆಗಲ್ಲ ಕಣ್ರೀ. ಸ್ವಲ್ಪ ಹೊತ್ತು ಸಹಿಸ್ಕೊಳ್ಳಿ," ಎಂದು ಅವನು ತಲೆ ಕೆರೆದುಕೊಂಡ.

ಓಡಿಹೋಗೋಣವೆಂದರೆ ಕೈ ಡಬ್ಬಿಯಲ್ಲಿ! ಸಿಟ್ಟು, ನಾಚಿಕೆ, ಜೊತೆಗೆ ತಡೆಯಲಾಗದ ನಗು. ಪರದೇಶಕ್ಕೆ ಬಂದು ಒಂದು ವಾರವಾಗಿತ್ತು. ಮನಸ್ಸು ಬಿಚ್ಚಿ ನಕ್ಕಿದ್ದು ಅಂದೇ ಮೊದಲು.

ಅದು ಕೃತಕ ಕೈ ಮಾಡುವುದನ್ನು ಕಲಿಸುವ ವಿಭಾಗ. ಅವನು ಅಲ್ಲಿನ ಲ್ಯಾಬ್ ಸಹಾಯಕ. ಪಾಠ ಹೇಳಿಕೊಡುವುದೂ ಅವನೇ, ಅಂಕ ಹಾಕುವುದೂ ಅವನೇ. ಅವಳು ಮಾತ್ರ ಅವನಿಗೆ 'ಗಾರೆ ಮೇಸ್ತ್ರಿ' ಎಂದು ಹೆಸರಿಟ್ಟಳು.

ಆಮೇಲೆ ಅವಳ ಕಾಲು ತನ್ನ ಕ್ಲಾಸಿಗಿಂತ ಆ ಲ್ಯಾಬಿನ ಕಡೆಗೇ ಎಳೆಯತೊಡಗಿತು. ಬೆರಳಿನ ಗಿಣ್ಣುಗಳನ್ನು ಜೋಡಿಸುವುದು, ಮೇಲ್ಮೈ ಉಜ್ಜಿ ನಯಮಾಡುವುದು... ಕೂತರೆ ಊಟದ ನೆನಪೇ ಇರುತ್ತಿರಲಿಲ್ಲ. ಲೆಕ್ಕದ ಪುಸ್ತಕ ತೆರೆದರೆ ಮಾತ್ರ ಆಕಳಿಕೆ.

ಆದರೆ ಲೆಕ್ಕ ಓದಲೆಂದು ಕಳಿಸಿದವನು ಅಣ್ಣ. ಊರಲ್ಲಿ ಅವನದೇ ಆಡಿಟ್ ಆಫೀಸಿತ್ತು, ತಂಗಿಗೆ ಕುರ್ಚಿಯೂ ಸಿದ್ಧವಿತ್ತು. ಮೇಲಾಗಿ ಹೊರದೇಶದಿಂದ ಬಂದವರಿಗೆ ಕಾಲೇಜು ಕೋರ್ಸ್ ಬದಲಿಸಲು ಬಿಡುವುದು ಒಂದೇ ಸಲ, ಅದೂ ತಿಂಗಳ ಕೊನೆಯೊಳಗೆ. ತಪ್ಪಿದರೆ ಗೋವಿಂದ!

'ಮೇಸ್ತ್ರಿಯನ್ನೇ ಕೇಳ್ತೀನಿ. ಬಾ ಅಂದ್ರೆ ಸಾಕು...'

"ಮೇಸ್ತ್ರಿಗಳೇ, ನಾನು ಇಲ್ಲಿಗೇ ಸೇರ್ಕೊಳ್ಳಲಾ?"

ಉಜ್ಜುತ್ತಿದ್ದ ಅವನ ಕೈ ನಿಂತಿತು. ಮುಖ ಎತ್ತಲೇ ಇಲ್ಲ.

"ಬೇಡ."

"ಯಾಕೆ?"

"ನಾನು ಹೇಳಿದೆ ಅಂತ ಸೇರೋದಾದ್ರೆ ಬೇಡವೇ ಬೇಡ. ಹೋಗಿ, ನಿಮ್ಮ ಕ್ಲಾಸಿಗೆ ಹೊತ್ತಾಯ್ತು."

ಕಪಾಳಕ್ಕೆ ಹೊಡೆದಂತಾಯಿತು. 'ಇಷ್ಟು ದಿನದ ನಗು, ಮಾತು ಎಲ್ಲ ಬರೀ ಟೈಂಪಾಸಾ? ನಾನೇ ಹುಚ್ಚಿ...' ರೂಮಿಗೆ ಬಂದು ದಿಂಬು ಒದ್ದೆಯಾಗುವಷ್ಟು ಅತ್ತಳು. ಮರುದಿನದಿಂದ ಹಟಕ್ಕೆ ಬಿದ್ದವಳಂತೆ ಲೆಕ್ಕದ ಕ್ಲಾಸಲ್ಲೇ ಕೂತಳು.

ಗಡುವಿನ ದಿನವೂ ಬಂತು. ಲ್ಯಾಬಿನಲ್ಲಿ ಬಿಟ್ಟಿದ್ದ ಸ್ವೆಟರ್ ತರಲು, ಅವನಿಲ್ಲದ ಹೊತ್ತು ನೋಡಿಯೇ ಹೋದಳು. ಅಲ್ಲಿ ಆ ವಿಭಾಗದ ಪ್ರೊಫೆಸರ್ ಮೇಡಂ ಎದುರು ದರ್ಜಿ ಹೆಂಗಸೊಬ್ಬಳು ಕೂತಿದ್ದಳು. ಯಂತ್ರಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡವಳು. ಈಗ ಹೊಸ ಕೈಯಿಂದ ಬಟ್ಟೆಯ ಅಂಚು ಒತ್ತಿ ಹಿಡಿದು, ಬಲಗೈಯಲ್ಲಿ ಕತ್ತರಿ ಓಡಿಸುತ್ತಿದ್ದಳು!

"ಈ ಹೆಬ್ಬೆರಳು ಕೂರಿಸಿದ್ದು ನೀನೇ ಅಲ್ವಾ?" ಎಂದು ಮೇಡಂ ಇವಳತ್ತ ತಿರುಗಿದರು.

ದರ್ಜಿ ಹೊಸ ಕೈಯನ್ನು ಇವಳತ್ತ ಚಾಚಿ ಅತ್ತುಬಿಟ್ಟಳು. ಇವಳೂ ಅತ್ತಳು. ಆಗ ಇವಳ ಮನಸ್ಸಿನಲ್ಲಿ ಮೇಸ್ತ್ರಿ ಇರಲಿಲ್ಲ, ಅಣ್ಣನೂ ಇರಲಿಲ್ಲ. 'ನನಗೆ ಇದೇ ಬೇಕು!'

ಹೊರಬಂದವಳೇ ಫೋನ್ ಹಚ್ಚಿದಳು.

"ಅಣ್ಣಾ, ನಾನು ಕೋರ್ಸ್ ಬದಲಾಯಿಸ್ತೀನಿ. ಕೈ ಮಾಡೋದು ಕಲೀತೀನಿ."

"ಯಾರು ತಲೆ ಕೆಡಿಸಿದ್ದು ಪುಟ್ಟೀ?"

"ಯಾರೂ ಇಲ್ಲ. ಇಲ್ಲಿ ಕಲಿಸೋರನ್ನ ಕೇಳಿದ್ದಕ್ಕೆ ಬೇಡ ಅಂತಲೇ ಅಂದ್ರು. ಆದ್ರೂ ಬೇಕು ಅನ್ನಿಸ್ತಿದೆ."

ಅಣ್ಣನ ದನಿ ಮೆತ್ತಗಾಯಿತು.

"ಚಿಕ್ಕಂದಿನಿಂದ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವಳು ನೀನು. ಬೇಕು ಅಂತ ಬಾಯಿ ಬಿಟ್ಟಿದ್ದು ಇದೇ ಮೊದಲು... ಹೋಗು, ಸೇರ್ಕೋ."

ಅರ್ಜಿಗೆ ಮೇಡಂ ಒಪ್ಪಿಗೆ ಪಡೆದು, ಆಫೀಸು ಮುಚ್ಚುವ ಮುಂಚೆ ಸಹಿ ಹಾಕಿದಳು. ಮೆಟ್ಟಿಲಲ್ಲೇ ಅವನು ಎದುರಾದ.

"ಸೇರಿಬಿಟ್ಟೆ! ನಿಮ್ಮ ಅಪ್ಪಣೆ ಯಾರಿಗೆ ಬೇಕಿತ್ತು?"

"ನನಗೋಸ್ಕರ ಅಲ್ಲ ತಾನೇ?"

"ಆ ಮುಖಕ್ಕಾ? ಖಂಡಿತ ಅಲ್ಲ!"

"ಅಬ್ಬಾ, ಸದ್ಯ!" ಅವನು ಗೋಡೆಗೊರಗಿ ಉಸಿರುಬಿಟ್ಟ. "ನನಗಾಗಿ ಬಂದು, ನಾಳೆ ನೀವು ಪಶ್ಚಾತ್ತಾಪ ಪಟ್ರೆ ನಾನು ಎಲ್ಲಿಗೆ ಹೋಗ್ಲಿ? ಅದಕ್ಕೇ ಬೇಡ ಅಂದೆ. ಈಗ ಮೇಡಂ ವಿಷಯ ಹೇಳಿದ ಕೂಡಲೇ ಲ್ಯಾಬ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದೆ. ಆಸ್ಪತ್ರೆಯವರು ಮೊದಲೇ ಕರೆದಿದ್ರು, ಇನ್ನು ಅಲ್ಲೇ ಕೆಲಸ."

"ನಾನು ಬಂದೆ ಅಂತ ನೀವು ಹೊರಟ್ರಾ?"

"ಅಂಕ ಹಾಕೋನು ನಿಮ್ಮನ್ನ ಪ್ರೀತಿಸೋ ಹಾಗಿಲ್ಲ ಕಣ್ರೀ... ಅದಕ್ಕೆ."

ಅವಳ ಇಷ್ಟು ದಿನದ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು.

"ಇದನ್ನ ಆವತ್ತೇ ಹೇಳೋಕೆ ಏನಾಗಿತ್ತೋ ನಿಂಗೆ!"

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನ ಮುಖ ತುಂಬ ನಗು.

"ಆವತ್ತು ಹೇಳಿದ್ರೆ ನೀನು ಯಾವುದನ್ನ ಆರಿಸ್ಕೊಳ್ತಿದ್ದೆ? ಕೋರ್ಸನ್ನಾ, ನನ್ನನ್ನಾ?"

"ಈಗ ಎರಡನ್ನೂ ಆರಿಸ್ಕೊಂಡೆ ಕಣೋ..."