ಕತ್ತರಿಸಿದ ಬೀಗ

ಬಾಗಿಲು ತೆರೆದು ಅವನು ಒಳಗೆ ಬಂದಾಗ ಅವಳು ತಲೆ ಎತ್ತಲಿಲ್ಲ.

ಎತ್ತಬಾರದು ಎಂದು ಮೊದಲೇ ತೀರ್ಮಾನಿಸಿದ್ದಳು. ಮೇಜಿನ ಮುಂದೆ ನಿಂತು ಅವನು ಸ್ವಲ್ಪ ಕಾಯಲಿ, ಕಾಲು ಬದಲಾಯಿಸಲಿ, ಗಂಟಲು ಸರಿಮಾಡಿಕೊಳ್ಳಲಿ... ಆಮೇಲೆ ನೋಡಿದರಾಯಿತು. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ದೊಡ್ಡದಲ್ಲ.

ಅವನು ಕಾಲನ್ನೂ ಬದಲಾಯಿಸಲಿಲ್ಲ, ಗಂಟಲನ್ನೂ ಸರಿಮಾಡಿಕೊಳ್ಳಲಿಲ್ಲ. ಸುಮ್ಮನೆ ನಿಂತಿದ್ದ. ಅವನ ಅಂಗಿಯಿಂದ ಗಂಜಿಯ ವಾಸನೆ, ಬಿಸಿ ಹಬೆಯಲ್ಲಿ ಬೆಂದ ಬಟ್ಟೆಯ ವಾಸನೆ ಕೋಣೆ ತುಂಬಿತು. ಹಾಳಾದ ಮೂಗು! ಯಾವಾಗ ಏನನ್ನು ನೆನಪಿಸಿಕೊಳ್ಳಬೇಕು ಎಂಬ ಬುದ್ಧಿ ಅದಕ್ಕಿಲ್ಲ.

ಕೊನೆಗೆ ಸೋತು ತಲೆ ಎತ್ತಿದವಳು ಅವಳೇ.

ಅವನ ಮುಖ ಬಿಳಿಚಿಕೊಂಡಿತು. ಹೊಸ ಮ್ಯಾನೇಜರ್ ಬಂದಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಆ ಮ್ಯಾನೇಜರ್ ಇವಳು ಎಂದು ಗೊತ್ತಿರಲಿಲ್ಲ.

ಕೂತುಕೊಳ್ಳಲು ಹೇಳಿದಳು. ಬೇಡ ಮೇಡಂ, ಎಂದ.

ಮೇಡಂ! ಒಂದು ಕಾಲದಲ್ಲಿ ಇದೇ ಬಾಯಿ ಅವಳನ್ನು 'ಮೆಣಸಿನಕಾಯಿ' ಎಂದು ಕರೆಯುತ್ತಿತ್ತು. ಹಾಗೆ ಕರೆಸಿಕೊಳ್ಳಲೆಂದೇ ಅವಳು ಸುಮ್ಮಸುಮ್ಮನೆ ಸಿಟ್ಟು ಮಾಡಿಕೊಳ್ಳುತ್ತಿದ್ದ ದಿನಗಳೂ ಇದ್ದವು. ಈಗ ಯಾರೂ ಕರೆಯದೆಯೇ ಸಿಟ್ಟು ಬರುತ್ತದೆ.

ಮೇಜಿನ ಮೇಲೆ ಒಂದು ಬೀಗವಿತ್ತು. ಹಿತ್ತಾಳೆಯದು. ಅದರ ಕೊಂಡಿ ಕಟರ್‌ನ ಬಾಯಿಗೆ ಸಿಕ್ಕಿ ತುಂಡಾಗಿತ್ತು.

"ಇದನ್ನ ಕತ್ತರಿಸಿದ್ದು ನೀವಾ?"

"ಹೌದು."

"ನೀವೆಲ್ಲ ಅತ್ತಿಗೆ ಅನ್ನೋರು ಡ್ರಮ್ಮಿನೊಳಗೆ ಇದ್ದಾರೆ ಅಂತ ಗೊತ್ತಿರ್ಲಿಲ್ವಾ?"

"ನೋಡ್ಲಿಲ್ಲ."

"ಯಾಕೆ ಕತ್ತರಿಸಿದ್ರಿ?"

ಅವನು ಕಿಟಕಿಯ ಕಡೆ ನೋಡಿದ. "ಅವಸರ ಇತ್ತು."

ಅವಳ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಅದೇ ಮಾತು! ಅಕ್ಷರವೂ ಬದಲಾಗಿಲ್ಲ. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ಅಂಗಿಯ ಕಾಲರ್ ಹಿಡಿದು 'ಯಾಕೆ ಹಾಗೆ ಮಾಡಿದೆ' ಎಂದು ಅವಳು ಕೇಳಿದಾಗಲೂ ಇವನು ಇದನ್ನೇ ಹೇಳಿದ್ದ.

ನಾಳೆ ಬೆಳಿಗ್ಗೆ ತೀರ್ಮಾನ ಹೇಳುತ್ತೇನೆ, ಹೋಗಿ ಎಂದಳು. ಅವನು ಹೋದ. ಅವಳ ಎದೆಯಲ್ಲಿ ಹಬ್ಬದಂಥದ್ದೇನೋ ಎದ್ದು ಕುಣಿಯಿತು. ಸಿಕ್ಕಿಬಿದ್ದ... ಕೊನೆಗೂ ಸಿಕ್ಕಿಬಿದ್ದ!

ಅವಳ ಸಂಭ್ರಮ ನಿಮಗೆ ಅರ್ಥವಾಗಬೇಕಾದರೆ ಆ ಬೀಗದ ವಿಷಯ ಹೇಳಬೇಕು.

ಅದೊಂದು ದೊಡ್ಡ ಲಾಂಡ್ರಿ. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಒಗೆಯುವ ಡ್ರಮ್ಮುಗಳು ಆಳೆತ್ತರದವು. ಒದ್ದೆ ಚಾದರಗಳು ಒಂದಕ್ಕೊಂದು ಹೆಣೆದುಕೊಂಡಾಗ ಯಾರಾದರೂ ಒಳಗೆ ಹತ್ತಿ ಬಿಡಿಸಲೇಬೇಕು. ಹತ್ತುವ ಮೊದಲು ಸ್ವಿಚ್ಚು ಆರಿಸಿ, ತನ್ನ ಬೀಗವನ್ನು ಅದಕ್ಕೆ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಒಬ್ಬರ ಬೀಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಕೆಲಸ ಹೋಗುತ್ತದೆ, ಮುಟ್ಟಿದವನು ಎಂಥ ಹಳಬನಾಗಿದ್ದರೂ ಸರಿ.

ಈ ನಿಯಮವನ್ನು ಎಲ್ಲರ ತಲೆಗೆ ತುಂಬಿದವನು ಅವಳ ಅಪ್ಪ. ಹಳೆಯ ಶಾಖೆಯಲ್ಲಿ ಫೋರ್‌ಮನ್. ಅಪ್ಪ ಬೀಗದ ಬಗ್ಗೆ ಮಾತಾಡಿದರೆ ಕುಡುಕರೂ ನೆಟ್ಟಗೆ ನಿಲ್ಲುತ್ತಿದ್ದರು. ಇವನು ಅಪ್ಪನ ಕೈಕೆಳಗೆ ಕೆಲಸ ಕಲಿತವನು, ಅಪ್ಪನ ಬಲಗೈಯಂತಿದ್ದವನು. ಮಗಳ ಮನಸ್ಸನ್ನು ಕದ್ದಾಗಲೂ ಅಪ್ಪ ಬೇಡ ಎನ್ನಲಿಲ್ಲ. ಮದುವೆಯ ಮಾತುಕತೆಯೂ ಮುಗಿದಿತ್ತು.

ಆಮೇಲೆ ಆ ದಿನ ಬಂತು. ಅಪ್ಪ ಡ್ರಮ್ಮಿನೊಳಗೆ ಇದ್ದಾಗ ಅದು ತಿರುಗಿತು. ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ.

ಬೀಗ ಕತ್ತರಿಸಿ ಸ್ವಿಚ್ಚು ಹಾಕಿದ್ದು ನಾನೇ ಎಂದು ಇವನು ಒಪ್ಪಿಕೊಂಡ. ಆಗಿನ ಮ್ಯಾನೇಜರು ಒಳ್ಳೆಯ ಮೆಕ್ಯಾನಿಕ್ ಕೈಬಿಟ್ಟು ಹೋಗುತ್ತಾನೆಂದು ಹೆದರಿ, ಇವನನ್ನು ಬೇರೆ ಶಾಖೆಗೆ ಎತ್ತಂಗಡಿ ಮಾಡಿ ಕೈತೊಳೆದುಕೊಂಡ. ಒಂದು ಮಾತೂ ಹೇಳದೆ ಇವನು ಹೊರಟುಹೋದ. ಬೇಡಲಿಲ್ಲ, ಅಳಲಿಲ್ಲ, ತಿರುಗಿಯೂ ನೋಡಲಿಲ್ಲ.

ಅಪ್ಪನ ಆ ಕತ್ತರಿಸಿದ ಬೀಗವನ್ನು ಅವಳು ಎತ್ತಿಟ್ಟುಕೊಂಡಳು. ಓದುವಾಗ, ಅದೇ ಕಂಪನಿಗೆ ಅಧಿಕಾರಿಯಾಗಿ ಸೇರಿದಾಗ, ಅಪ್ಪ ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಹೆಣಗುವುದನ್ನು ಕಂಡಾಗ... ಅದನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಈ ಶಾಖೆಯನ್ನು ಕೇಳಿ ಹಾಕಿಸಿಕೊಂಡು ಬಂದದ್ದೂ ಅದಕ್ಕಾಗಿಯೇ. ಬಂದು ಎರಡು ದಿನ ತುಂಬುವ ಮೊದಲೇ ದೇವರು ತಟ್ಟೆಯಲ್ಲಿಟ್ಟು ಕೊಟ್ಟಂತೆ ಈ ಪ್ರಕರಣ! ಎಲ್ಲರೂ ಅತ್ತಿಗೆ ಎನ್ನುವ ಹಿರಿಯ ಕೆಲಸದಾಕೆ ಡ್ರಮ್ಮಿನೊಳಗೆ ಇದ್ದಾಗ ಅದು ಅರ್ಧ ಸುತ್ತು ತಿರುಗಿತ್ತು. ಯಾರೋ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದ್ದರಿಂದ ಅತ್ತಿಗೆಯ ಭುಜ ಕಂದಿದ್ದಷ್ಟೇ, ಜೀವ ಉಳಿದಿತ್ತು.

ಅವಳು ವಜಾ ಆದೇಶವನ್ನು ಟೈಪ್ ಮಾಡಿದಳು. ಪ್ರತಿ ಸಾಲನ್ನೂ ಚಪ್ಪರಿಸುತ್ತ ಟೈಪ್ ಮಾಡಿದಳು. ಇನ್ನು ಸಹಿಯೊಂದೇ ಬಾಕಿ.

'ಎಲ್ಲಿಯೂ ಕೆಲಸ ಸಿಗಬಾರದು ನಿನಗೆ. ಬೀದಿ ಬೀದಿ ಅಲೆಯಬೇಕು. ಆಗ ನನ್ನ ನೆನಪಾಗಬೇಕು...'

ನೆನಪಾಗಬೇಕಂತೆ! ದ್ವೇಷಿಸುವವರು ಇಂಥದ್ದನ್ನು ಬಯಸುತ್ತಾರೆಯೇ? ಆದರೆ ಅವಳಿಗೆ ಅದನ್ನು ಹೇಳುವವರು ಯಾರು?

ಸಾಕ್ಷ್ಯವನ್ನು ಲಕೋಟೆಗೆ ಹಾಕುವ ಮೊದಲು ಅತ್ತಿಗೆಯ ಬೀಗವನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ಕೊಂಡಿಯ ತುದಿ ಹೋಗಿ ಕೂರಬೇಕಾದ ತೂತು ಬೂದು ಬಣ್ಣಕ್ಕಿತ್ತು. ತಲೆಯಿಂದ ಹೇರ್‌ಪಿನ್ ಕಿತ್ತು, ಏನೋ ಯೋಚನೆಯಲ್ಲಿ ಆ ತೂತಿಗೆ ಚುಚ್ಚಿದಳು. ಪಿನ್ನು ಒಳಗೆ ಹೋಗಲಿಲ್ಲ.

ಇನ್ನೂ ಗಟ್ಟಿಯಾಗಿ ಒತ್ತಿ ಮೀಟಿದಳು. ಒಳಗಿಂದ ಒಂದು ಉಂಡೆ ಉದುರಿ ಮೇಜಿನ ಮೇಲೆ ಬಿತ್ತು. ಚಾದರಗಳ ನೂಲಿನ ಜುಂಗು. ಗಂಜಿಯಲ್ಲಿ ನೆನೆದು, ಬಿಸಿಗೆ ಒಣಗಿ, ಕಲ್ಲಿನಂತಾಗಿತ್ತು.

ಲಾಂಡ್ರಿಯ ಗಾಳಿಯ ತುಂಬ ಜುಂಗು ಹಾರುತ್ತಿರುತ್ತದೆ. ಬಾಯಿ ತೆರೆದಿರುವ ಎಲ್ಲದರೊಳಗೂ ಹೋಗಿ ಕೂರುತ್ತದೆ. ಆದರೆ ದಿನಾ ಕೊಂಡಿ ಒತ್ತಿ ಮುಚ್ಚುವ ಬೀಗದೊಳಗೆ ಹೀಗೆ ಕಲ್ಲಾಗುವುದಿಲ್ಲ. ಫೋರ್‌ಮನ್ ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಬೀಗವನ್ನು ತಿಂಗಳುಗಟ್ಟಲೆ ಯಾರೂ ಒತ್ತಿಲ್ಲ! ಒದ್ದೆ ಕೈಯಲ್ಲಿ ಕೀಲಿ ತಡಕಾಡುವ ಗೋಜು ಯಾಕೆಂದು ಅತ್ತಿಗೆ ಅದನ್ನು ಸುಮ್ಮನೆ ನೇತುಹಾಕುತ್ತಿದ್ದಳು, ಅಷ್ಟೆ. ಡ್ರಮ್ಮುಗಳ ಅದುರಾಟಕ್ಕೆ ಅದು ಜಾರಿ ಬಿದ್ದಿರಬೇಕು.

ಹಾಗಾದರೆ... ಬಾಯಿ ತೆರೆದೇ ಇದ್ದ ಬೀಗವನ್ನು ಯಾರಾದರೂ ಯಾಕೆ ಕತ್ತರಿಸುತ್ತಾರೆ?

ಕೈಚೀಲದ ತಳದಲ್ಲಿ ಇನ್ನೊಂದು ಬೀಗವಿತ್ತು. ಬೇಡ, ಮುಟ್ಟಬೇಡ ಎಂದಿತು ಮನಸ್ಸು. ಕೈ ಕೇಳಲಿಲ್ಲ. ಅಪ್ಪನ ಬೀಗದ ತೂತಿಗೆ ಅದೇ ಪಿನ್ನು ಚುಚ್ಚಿದಳು.

ಅದೂ ಒಳಗೆ ಹೋಗಲಿಲ್ಲ.

ಸಂಜೆ ಮನೆಗೆ ಹೋದಾಗ ಅಪ್ಪ ಅಡುಗೆಮನೆಯಲ್ಲಿ ಕೂತು ಎಡಗೈಯಿಂದ ಕರವಸ್ತ್ರಗಳನ್ನು ಮಡಚುತ್ತಿದ್ದ. ಅವಳು ಬೀಗವನ್ನೂ ಜುಂಗಿನ ಉಂಡೆಯನ್ನೂ ಅವನ ಮುಂದಿಟ್ಟಳು.

ಅಪ್ಪ ಅದನ್ನು ನೋಡಿದ. ಮಡಚಿದ್ದ ಕರವಸ್ತ್ರವನ್ನು ಬಿಚ್ಚಿ ಮತ್ತೆ ಮಡಚಿದ. ಆಮೇಲೆ ಮೆಲ್ಲಗೆ ಎಲ್ಲವನ್ನೂ ಹೇಳಿದ. ಬೀಗ ನೆಲಕ್ಕೆ ಬಿದ್ದಿತ್ತಂತೆ. ಸ್ವಿಚ್ಚಿನ ಮೇಲೆ ಬೀಗವಿಲ್ಲವೆಂದು ಆ ಹುಡುಗ ಸ್ವಿಚ್ಚು ಹಾಕಿದನಂತೆ. ಊರಿಗೆಲ್ಲ ಪಾಠ ಹೇಳಿದ ಫೋರ್‌ಮನ್ನೇ ಬೀಗ ಒತ್ತಿರಲಿಲ್ಲ ಎಂದು ಗೊತ್ತಾದರೆ ಮರ್ಯಾದೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ ಎಂದು, ಜನ ಸೇರುವ ಮೊದಲೇ ಅವನು ಕಟರ್ ತಂದು ಕತ್ತರಿಸಿದನಂತೆ.

"ನನಗ್ಯಾಕೆ ಹೇಳ್ಲಿಲ್ಲ, ಅಪ್ಪಾ?"

"ನಿನಗೆ ಹೇಳ್ಬೇಡ ಅಂತ ನಾನೇ ಅವನ ಹತ್ರ ಮಾತು ತಗೊಂಡೆ. ನಿನ್ನ ಕಣ್ಣಲ್ಲಿ ಸಣ್ಣವನಾಗೋಕೆ ನನ್ನ ಕೈಲಾಗ್ಲಿಲ್ಲ."

ಅವಳು ಕೂಗಾಡಬಹುದಿತ್ತು. ಕೂಗಾಡಲಿಲ್ಲ. ಅಪ್ಪನ ಬಲಗೈಯ ಆ ಎರಡು ಬೆರಳುಗಳು ಕರವಸ್ತ್ರದ ಅಂಚನ್ನು ಹಿಡಿದಿದ್ದವು. ಅವುಗಳ ಮೇಲೆ ತನ್ನ ಕೈ ಇಟ್ಟಳು. ಆದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ದಿಂಬಿಗೆ ಬಿದ್ದ ಗುದ್ದುಗಳನ್ನು ಕೇಳಿದ್ದರೆ ಅವಳು ಶಾಂತಳಾಗಿದ್ದಾಳೆ ಎಂದು ಯಾರೂ ಹೇಳುತ್ತಿರಲಿಲ್ಲ. ಇಬ್ಬರು ಗಂಡಸರು ಸೇರಿ ಅವಳಿಗೆ ಗೊತ್ತಿಲ್ಲದಂತೆ ಅವಳ ಬಾಳನ್ನು ತೀರ್ಮಾನಿಸಿದ್ದರು. ತಾನು ಮಾತ್ರ ಸುಳ್ಳು ಸಿಟ್ಟೊಂದನ್ನು ಮಗುವಿನಂತೆ ಸಾಕುತ್ತ ಕೂತಿದ್ದಳು!

'ಬಿಡ್ತೀನಾ? ನಾಳೆ ಬರಲಿ ಅವನು...'

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲಾಂಡ್ರಿಗೆ ಹೋದಳು. ಹಲಗೆಯ ಮೇಲೆ ನೇತಾಡುತ್ತಿದ್ದ ಬೀಗಗಳನ್ನೆಲ್ಲ ಒಂದೊಂದಾಗಿ ಹೇರ್‌ಪಿನ್ನಿನಿಂದ ಚುಚ್ಚಿ ನೋಡಿದಳು. ಆಮೇಲೆ ಅವನನ್ನು ಕರೆಸಿದಳು.

ಅವನು ಬಂದಾಗ ಮೇಜಿನ ಮೇಲೆ ಎರಡು ಕತ್ತರಿಸಿದ ಬೀಗಗಳಿದ್ದವು. ಪಕ್ಕದಲ್ಲಿ ಜುಂಗಿನ ಉಂಡೆಗಳ ಒಂದು ಸಣ್ಣ ಗುಡ್ಡೆ. ಅವನು ಬೀಗಗಳನ್ನು ನೋಡಿದ, ಅವಳ ಬಿಚ್ಚಿದ ಕೂದಲನ್ನು ನೋಡಿದ. ಗೊತ್ತಾಗಿಹೋಯಿತು ಅವನಿಗೆ. ಈ ಸಲ ಹೇಳದೆಯೇ ಕುರ್ಚಿ ಎಳೆದು ಕೂತ.

"ಅಪ್ಪ ಹೇಳಿದ್ರಾ?"

"ಬೀಗ ಹೇಳ್ತು."

ಅತ್ತಿಗೆಯನ್ನು ಏನೂ ಮಾಡಬೇಡಿ ಎಂದು ಅವನು ಬೇಡಿಕೊಂಡ. ಬೀಗ ಕಾಣದೆ ಬಟ್ಟೆ ತುಂಬುವ ಲೋಡರ್ ಸ್ವಿಚ್ಚು ಹಾಕಿದ್ದು, ತಾನು ಓಡಿಹೋಗಿ ಕೆಂಪು ಗುಂಡಿ ಒತ್ತಿದ್ದು, ಹೊರಗೆಳೆದಾಗ ಅತ್ತಿಗೆ ಮೊದಲು ಕೇಳಿದ್ದು 'ನನ್ನ ಕೆಲಸ ಹೋಯ್ತಾ' ಎಂದು... ಎಲ್ಲವನ್ನೂ ಹೇಳಿದ. ಆ ಮುಖದಲ್ಲಿ ತನಗೆ ಅವಳ ಅಪ್ಪನೇ ಕಂಡರು, ಅದಕ್ಕೇ ಮತ್ತೆ ಕಟರ್ ಹಿಡಿದೆ ಎಂದ.

ಅವಳು ಕೇಳಿಸಿಕೊಂಡಳು. ಕಣ್ಣು ತುಂಬಿತು. ಕರಗಿಬಿಟ್ಟಳು ಎಂದುಕೊಂಡಿರಾ? ನೀವು ಇನ್ನೂ ಅವಳನ್ನು ಅರಿತಿಲ್ಲ.

"ದೊಡ್ಡ ತ್ಯಾಗ ಮಾಡಿದೆ ಅಂದ್ಕೊಂಡಿದೀಯಾ? ಅವತ್ತು ನೀನು ನಿಜ ಹೇಳಿದ್ದಿದ್ರೆ ಎಲ್ಲ ಶಾಖೆಗಳಲ್ಲೂ ಎಲ್ಲರೂ ತಮ್ಮ ತಮ್ಮ ಬೀಗ ನೋಡ್ಕೊಳ್ತಿದ್ರು. ಅತ್ತಿಗೆ ಬೀಗ ಒತ್ತಿರ್ತಿದ್ರು. ನಿನ್ನ ಸುಳ್ಳಿನಿಂದ ಅವರ ಜೀವ ಹೋಗ್ತಿತ್ತು."

ಇಷ್ಟು ವರ್ಷ ಬೈಗುಳವನ್ನೆಲ್ಲ ಹೂವಿನಂತೆ ಹೊತ್ತವನಿಗೆ ಈ ಒಂದು ಮಾತು ಮಾತ್ರ ನಿಜವಾಗಿ ತಾಗಿತು. ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ.

ಇದನ್ನೇ ಅಲ್ಲವೇ ಅವಳು ನೋಡಬೇಕೆಂದು ಬಂದದ್ದು? ಅವನು ಕುಸಿಯುವುದನ್ನು? ನೋಡಿದಳು. ಸುಖವಾಗಲಿಲ್ಲ. ಎದೆಯೊಳಗೆ ಉರಿಯುತ್ತಿದ್ದುದು ಮಾತ್ರ ಒಂದಿಷ್ಟು ತಗ್ಗಿತು.

"ತೆಗೆದುಬಿಡು ನನ್ನ," ಎಂದ ಅವನು, ಮುಚ್ಚಿದ ಕೈಗಳ ಒಳಗಿಂದಲೇ. "ನ್ಯಾಯ ಅದೇ."

ಅವಳು ವಜಾ ಆದೇಶವನ್ನು ಎತ್ತಿ ಎರಡಾಗಿ ಹರಿದಳು. ಕೆಂಪು ಗುಂಡಿ ಒತ್ತಿದವನನ್ನು ತಾನು ಕಳಿಸುವುದಿಲ್ಲ ಎಂದಳು. ಆದರೆ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಒಂದು ವಾರ ಅಮಾನತು. ಅದಕ್ಕೂ ಮೊದಲು, ಈಗಲೇ, ಎಲ್ಲರ ಮುಂದೆ ನಿಂತು ಎರಡೂ ಬೀಗಗಳ ಕಥೆ ಹೇಳಬೇಕು. ಇವತ್ತಿನಿಂದ ಕೆಲಸಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಬೀಗವನ್ನು ಒತ್ತಿ ತೋರಿಸಬೇಕು. ತನ್ನ ಸ್ವಂತ ಹಗೆಯನ್ನು ಮೇಜಿನ ಮೇಲಿಟ್ಟುಕೊಂಡು ವಿಚಾರಣೆಗೆ ಕೂತದ್ದು ತನ್ನದೇ ತಪ್ಪು, ಅದನ್ನು ಮೇಲಿನವರಿಗೆ ತಾನೇ ತಿಳಿಸುತ್ತೇನೆ ಎಂದೂ ಹೇಳಿದಳು.

"ಅತ್ತಿಗೆ?"

"ಅರ್ಧಕ್ಕರ್ಧ ಬೀಗಗಳ ಬಾಯಲ್ಲಿ ಜುಂಗಿದೆ. ಎಲ್ಲರನ್ನೂ ಕಿತ್ತುಹಾಕಿದ್ರೆ ಚಾದರ ಒಗೆಯೋಕೆ ನಾನೊಬ್ಬಳೇ ಉಳೀತೀನಿ."

ಅವನು ಮೊದಲ ಸಲ ನಕ್ಕ. ಒದ್ದೆ ಕಣ್ಣಿನ ನಗೆ. ಆ ನಗೆಗಾಗಿ ಅವಳು ಎಷ್ಟು ಹಸಿದಿದ್ದಳು ಎಂಬುದು ಅವಳಿಗೇ ಆಗ ಗೊತ್ತಾಯಿತು.

ಎದ್ದು ನಿಂತವನು ಅಪ್ಪನ ಬೀಗವನ್ನು ಮೆಲ್ಲಗೆ ಮುಟ್ಟಿದ.

"ಇದನ್ನ ಇಷ್ಟು ವರ್ಷ ಇಟ್ಕೊಂಡಿದ್ಯಾ?"

"ನಿನ್ನ ಮೇಲಿನ ಸಿಟ್ಟು ಆರಬಾರದು ಅಂತ."

"ಆರಿತಾ?"

"ಇಲ್ಲ. ಬೀಗ ಕತ್ತರಿಸಿದ್ದಕ್ಕಲ್ಲ, ಅದನ್ನ ಮರೆತೆ. ನನ್ನ ಒಂದು ಮಾತು ಕೇಳದೆ ಬಿಟ್ಟು ಹೋದ್ಯಲ್ಲ, ಅದಕ್ಕೆ ಕ್ಷಮೆ ಇಲ್ಲ."

ಅವನು ತಲೆ ತಗ್ಗಿಸಿದ. ಪ್ರತಿದಿನ ವಾಪಸ್ ಬರಬೇಕೆನಿಸುತ್ತಿತ್ತು ಎಂದ. ಬಂದರೆ ಅವಳ ಕಣ್ಣು ನೋಡಿ ನಿಜ ಬಾಯಿಗೆ ಬಂದುಬಿಡುತ್ತದೆಂದು ಹೆದರಿದ್ದೆ ಎಂದ. ಬೇರೆ ಯಾರನ್ನೂ ನೋಡಲಿಲ್ಲ, ನೋಡಬೇಕೆನಿಸಲೂ ಇಲ್ಲ ಎಂದ.

ಅವಳು ಮೇಜು ಸುತ್ತಿ ಬಂದು ಅವನೆದುರು ನಿಂತಳು. ಅಂದಿನಂತೆಯೇ ಅವನ ಕಾಲರನ್ನು ಮತ್ತೆ ಹಿಡಿದಳು. ಈ ಸಲ ಕೈ ಅದನ್ನು ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿತು.

"ಅಮಾನತಿನ ವಾರ ಪೂರ್ತಿ ದಿನಾ ಸಂಜೆ ಮನೆಗೆ ಬರ್ಬೇಕು. ಅಪ್ಪ ನಿನ್ನ ಮುಖ ನೋಡ್ಬೇಕಂತೆ."

"ನೀನು?"

"ನಾನು ಸೇಡು ತೀರಿಸ್ಕೋಬೇಕು. ಅದಕ್ಕೆ ಒಂದು ವಾರ ಸಾಲಲ್ಲ."

"ಹಾಗಾದ್ರೆ ಕೆಲಸದಿಂದ ತೆಗೆಯಲ್ವಾ, ಮೆಣಸಿನಕಾಯಿ?"

ಎಷ್ಟೋ ವರ್ಷಗಳ ಮೇಲೆ ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅವಳು ಅವನ ಎದೆಗೆ ಹಣೆ ಒತ್ತಿದಳು. ಗಂಜಿಯ ವಾಸನೆ, ಹಬೆಯ ವಾಸನೆ. ಈ ಸಲ ಮೂಗನ್ನು ಬೈಯಲಿಲ್ಲ.

"ತೆಗೆಯಲ್ಲ," ಎಂದಳು. "ಬಿಟ್ಟು ಹೋಗೋಕೂ ಬಿಡಲ್ಲ."