ಓಡಿದ್ದರೆ ಗೆಲ್ಲುತ್ತಿದ್ದವಳು

"ಅಯ್ಯೋ ಅಮ್ಮಾ!"

ಅವಳು ಚೀರಿದಳು. ಅವನ ಕೈ ಗಾಳಿಯಲ್ಲೇ ನಿಂತಿತು.

"ನಾನಿನ್ನೂ ಮುಟ್ಟೇ ಇಲ್ವಲ್ಲ..." ಎಂದ ಅವನು, ಮೆಲ್ಲಗೆ.

ಕ್ರೀಡಾಂಗಣದ ಹಿಂಬದಿಯ ಪುಟ್ಟ ಕೋಣೆ. ಎತ್ತರದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವಳ ಮುಖ ಕೆಂಪಾಯಿತು. ತಂಡದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಚಿಗರೆ ಎಂದೇ. ಅಭ್ಯಾಸದ ಓಟದಲ್ಲಿ ಅವಳನ್ನು ಹಿಂದೆ ಹಾಕಿದವರೇ ಇರಲಿಲ್ಲ. ಅವನು ಹೊಸದಾಗಿ ಕೆಲಸಕ್ಕೆ ಸೇರಿದ ಫಿಸಿಯೋ. ಓಟಗಾರರ ಕೀಲು, ಸ್ನಾಯುಗಳ ನೋವು ನೋಡಿಕೊಳ್ಳುವವನು.

ಅವನು ಮಂಡಿಯನ್ನು ಒತ್ತಿ ನೋಡಿದ, ಮಡಚಿ ನೋಡಿದ. ಊತವಿಲ್ಲ, ಉಳುಕಿಲ್ಲ. ತಲೆಯೆತ್ತಿ ಅವಳ ಕಣ್ಣು ನೋಡಿದ. ಅಲ್ಲಿತ್ತು ನೋವು!

"ನಾಳೆ ಆಯ್ಕೆ ಓಟ ಇದೆ. ನಂಗೆ ಓಡೋಕಾಗಲ್ಲ... ಅಲ್ವಾ ಡಾಕ್ಟ್ರೇ?"

ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

ಅಷ್ಟರಲ್ಲಿ ಕೋಚ್ ಮೇಡಂ ಬಾಗಿಲು ತಳ್ಳಿದರು. "ಏನ್ರೀ, ಓಡ್ತಾಳೋ ಇಲ್ವೋ?"

ಅವನು ಪಟ್ಟಿಯ ಸುರುಳಿಗೆ ಕೈ ಹಾಕಿದ. "ಬೇಡ ಮೇಡಂ. ವಿಶ್ರಾಂತಿ ಬೇಕು."

ಮಾರನೆಯ ದಿನ ಚಿಗರೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಬೇರೆ ಯಾರೋ ಗೆದ್ದರು. ಹೋಗುವವರು ಬರುವವರು ಅವಳ ಬೆನ್ನು ತಟ್ಟಿದರು. "ನೀನು ಓಡಿದ್ದಿದ್ರೆ ನೀನೇ ಕಣೇ ಗೆಲ್ತಿದ್ದಿದ್ದು!"

ಆ ಮಾತು ಎಷ್ಟು ಸಿಹಿ! ಅವಳು ವರ್ಷಗಳಿಂದ ಬದುಕಿದ್ದೇ ಆ ಮಾತಿನ ಮೇಲೆ. ಒಮ್ಮೆ ಮಂಡಿ, ಒಮ್ಮೆ ಜ್ವರ, ಒಮ್ಮೆ ಅಕ್ಕನ ಮನೆಯ ತಾಪತ್ರಯ. ಗೆಲ್ಲುವ ಆಸೆ ಇರಲಿಲ್ಲವೆಂದಲ್ಲ, ಉಸಿರು ಕಟ್ಟುವಷ್ಟು ಆಸೆಯಿತ್ತು. ಆದರೆ... 'ಓಡಿ ಸೋತುಬಿಟ್ಟರೆ? ಆಮೇಲೆ ನಾನು ಯಾರು?'

ಇಲ್ಲದ ನೋವಿನ ನೆಪದಲ್ಲೇ ಅವರಿಬ್ಬರ ಭೇಟಿ ಮುಂದುವರಿಯಿತು. ಅವಳು ಹರಟುತ್ತಿದ್ದಳು, ಅವನು ನಗುತ್ತಿದ್ದ. ಸಂಜೆ ಮೈದಾನ ಖಾಲಿಯಾದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವುದು ರೂಢಿಯಾಯಿತು. ಅವನ ಹೆಜ್ಜೆ ಸಪ್ಪಳ ಕೇಳಿದರೆ ಅವಳ ಎದೆ ಓಟಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ನೀನಂದ್ರೆ ನಂಗೆ ಇಷ್ಟ," ಎಂದ ಅವನು ಒಂದು ಸಂಜೆ. ಅವಳು ಉಸಿರು ಬಿಗಿಹಿಡಿದಳು. "ಅದಕ್ಕೇ ಹೇಳ್ತಿದೀನಿ. ಅವತ್ತು ಸುಳ್ಳು ಹೇಳಿ ತಪ್ಪು ಮಾಡ್ದೆ. ಇನ್ನೊಂದ್ಸಲ ಹೇಳಲ್ಲ."

"ಯಾವ ಸುಳ್ಳು?" ಎಂದು ಅವಳು ನಕ್ಕಳು. ಆ ನಗು ಅವಳಿಗೇ ಹಿಡಿಸಲಿಲ್ಲ.

ಆದರೆ ಕೋಚ್ ಮೇಡಂ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಮಂಡಿಯ ಸ್ಕ್ಯಾನ್ ಮಾಡಿಸಿದರು. ವಾಪಸ್ ಬಂದವರೇ ಇಬ್ಬರನ್ನೂ ಆಫೀಸಿಗೆ ಕರೆಸಿದರು.

"ಮಂಡಿ ಗುಂಡುಕಲ್ಲಿನ ಹಾಗಿದೆಯಂತೆ! ಅವತ್ತು ಯಾಕೇ ಓಡ್ಲಿಲ್ಲ ನೀನು?"

ಅವನು ಬಾಗಿಲ ಬಳಿ ನಿಂತಿದ್ದ. ಒಂದೇ ಒಂದು ಮಾತು ಸಾಕಿತ್ತು. 'ನಾನೇ ಬೇಡಿಕೊಂಡೆ' ಎನ್ನಬೇಕಿತ್ತು.

"ಅವರೇ... ಅವರೇ ಬೇಡ ಅಂದಿದ್ದು."

ಸುಳ್ಳೇನಲ್ಲ. ಅದೇ ಹೇಸಿಗೆ!

ಅವನು ಅವಳನ್ನು ಒಮ್ಮೆ ನೋಡಿದ. "ಹೌದು ಮೇಡಂ. ನನ್ನದೇ ತಪ್ಪು."

ಸಂಜೆಯೊಳಗೆ ಅವನ ಕೋಣೆ ಬರಿದಾಗಿತ್ತು. ಅವಳು ಫೋನ್ ಮಾಡಿದಳು, ಅವನು ಎತ್ತಲಿಲ್ಲ. 'ನನ್ನ ಮುಖ ನೋಡೋಕೂ ಅವನಿಗೆ ಅಸಹ್ಯ...' ಅವಳಿಗೆ ಅನ್ನ ಸೇರಲಿಲ್ಲ.

ಅಕ್ಕ ಬಸ್ ಓಡಿಸುವವಳು. ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿಯನ್ನೂ ಬದಲಿಸದೆ ತಂಗಿಯ ಕಥೆ ಪೂರ್ತಿ ಕೇಳಿದಳು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ನೀನು ಕುಣಿಯೋಕೆ ಬಂದೂ ನೆಲ ಡೊಂಕು ಅಂತೀಯಲ್ಲೇ!"

"ಅಕ್ಕಾ, ಸೋತ್ರೆ...?"

"ಸೋತ್ರೆ ಸೋತೋಳು. ಅದಕ್ಕೊಂದು ಮರ್ಯಾದೆ ಇದೆ. ನೀನೀಗ ಏನು ಹೇಳು? ನಿನ್ನ ಭಯಾನ ಇನ್ನೊಬ್ಬರ ತಲೆಗೆ ಕಟ್ಟಿ ಕೂತೋಳು."

ಬೈಗುಳಕ್ಕಿಂತ ಆ ತಣ್ಣನೆಯ ದನಿ ಚುಚ್ಚಿತು.

ಬೆಳಗಿನ ಅಭ್ಯಾಸಕ್ಕೆ ಇಡೀ ತಂಡ ಸೇರಿದ್ದಾಗ ಅವಳು ಮುಂದೆ ಬಂದಳು.

"ನನ್ನ ಮಂಡಿಗೆ ಏನೂ ಆಗಿರ್ಲಿಲ್ಲ. ಯಾವತ್ತೂ ಆಗಿರ್ಲಿಲ್ಲ. ಸೋಲ್ತೀನಿ ಅನ್ನೋ ಹೆದರಿಕೆಗೆ ನಾನೇ ಡಾಕ್ಟ್ರ ಹತ್ರ ಸುಳ್ಳು ಹೇಳಿಸ್ದೆ. ಆಮೇಲೆ ಅವರನ್ನೇ ಹಿಡಿದು ಕೊಟ್ಟೆ."

ಯಾರೂ ಬೆನ್ನು ತಟ್ಟಲಿಲ್ಲ. ಒಬ್ಬಳು ಮುಖ ತಿರುಗಿಸಿದಳು.

ಕೋಚ್ ಮೇಡಂ ಕೊರಳಿನ ಸೀಟಿ ತೆಗೆದು ಕೈಯಲ್ಲಿ ಹಿಡಿದರು. "ಅವನು ಮಾಡಿದ್ದೂ ತಪ್ಪೇ. ಆದ್ರೂ ಕರೆಸಿ ಮಾತಾಡ್ತೀನಿ. ನಿನ್ನ ವಿಷಯ ಹೇಳು. ರಾಜ್ಯದ ಓಟ ಬರ್ತಿದೆ, ತಂಡದಲ್ಲಿ ಇನ್ನೊಂದು ಜಾಗ ಇದೆ. ಓಡ್ತೀಯಾ?"

"ಓಡ್ತೀನಿ ಮೇಡಂ. ಸೋತ್ರೂ ಓಡ್ತೀನಿ."

ಓಡಿದಳು. ಎದೆ ಉರಿಯಿತು, ಕಣ್ಣು ಕತ್ತಲಿಟ್ಟಿತು, ಕೊನೆಯ ತಿರುವಿನಲ್ಲಿ ಇಬ್ಬರು ಅವಳನ್ನು ದಾಟಿ ಹೋದರು. ನಾಲ್ಕನೆಯ ಸ್ಥಾನ. ಪದಕವಿಲ್ಲ. ಹುಲ್ಲಿನ ಮೇಲೆ ಬೋರಲು ಬಿದ್ದು ಬಿಕ್ಕಿದಳು. ಅತ್ತು ಮುಗಿಸಿ ನೋಡಿದರೆ... ಅವಳು ಇನ್ನೂ ಅವಳೇ ಆಗಿದ್ದಳು!

ಧೂಳು ಮೆತ್ತಿದ ಬೂಟಿನಲ್ಲೇ, ಮೇಡಂ ಕೊಟ್ಟ ವಿಳಾಸ ಹಿಡಿದು ಅವನನ್ನು ಹುಡುಕಿಕೊಂಡು ಹೊರಟಳು. ವೃದ್ಧಾಶ್ರಮವೊಂದರ ಉದ್ದನೆಯ ಪಡಸಾಲೆಯಲ್ಲಿ ಅವನು ಅಜ್ಜಿಯೊಬ್ಬರ ಕೈಹಿಡಿದು ನಡೆಸುತ್ತಿದ್ದ. ಅವಳನ್ನು ಕಂಡು ಕಲ್ಲಾಗಿ ನಿಂತ.

"ನಿಮ್ಮ ಕ್ಷಮೆ ಕೇಳೋ ಯೋಗ್ಯತೆನೂ ನಂಗಿಲ್ಲ," ಎಂದಳು. "ಆದ್ರೂ ಕೇಳೋಕೆ ಬಂದೆ."

"ಮೇಡಂ ಎಲ್ಲಾ ಹೇಳಿದ್ರು." ಅವನ ದನಿ ಒಡೆಯಿತು. "ನಿನ್ನ ಮೇಲಿನ ಸಿಟ್ಟಿಗೆ ಫೋನ್ ಎತ್ತಲಿಲ್ಲ ಅಂದ್ಕೊಂಡ್ಯಾ? ನಿನ್ನ ಭಯಕ್ಕೆ ನೀರೆರೆದು ಬೆಳೆಸಿದೋನು ನಾನೇ. ನಾನು ಹತ್ರ ಇದ್ರೆ ನೀನು ಓಡೋದೇ ಇಲ್ಲ ಅನ್ನಿಸ್ತು."

ಇಷ್ಟು ದಿನ ಇಬ್ಬರೂ ಒಂದೇ ಅಪರಾಧವನ್ನು ಬೇರೆ ಬೇರೆಯಾಗಿ ಹೊತ್ತು ತಿರುಗಿದ್ದರು!

"ಏನಪ್ಪಾ," ಎಂದರು ಅಜ್ಜಿ, "ನನ್ನ ಕೈ ಬಿಟ್ಟು ಅವಳ ಕೈ ಹಿಡ್ಕೊಳೋದಾದ್ರೆ ಮೊದ್ಲು ನಂಗೊಂದು ಕುರ್ಚಿ ಹಾಕು!"

ಅಳುತ್ತಲೇ ಅವಳು ನಕ್ಕಳು. ಅಜ್ಜಿಯನ್ನು ಕೂರಿಸಿ ಅವನು ಅವಳ ಮುಂದೆ ಬಂದು ನಿಂತ.

"ಕ್ಷಮಿಸಿದ್ರಾ?"

"ಪೂರ್ತಿ ಇನ್ನೂ ಇಲ್ಲ. ನನ್ನನ್ನೂ ಕ್ಷಮಿಸ್ಕೊಂಡಿಲ್ಲ. ಜೊತೆಗಿದ್ರೆ ಇಬ್ಬರೂ ಕಲೀಬಹುದೇನೋ..."

"ನಾಲ್ಕನೆಯವಳಾಗಿ ಬಂದೆ."

"ಗೊತ್ತು. ಮುಂದಿನ ಸಲ?"

"ಮೊದಲನೆಯವಳೂ ಆಗಬಹುದು, ಕೊನೆಯವಳೂ ಆಗಬಹುದು."

"ಕೊನೆಯವಳಾದ್ರೆ?"

"ನಿಮ್ಮ ಹೆಗಲ ಮೇಲೆ ಒಂದಷ್ಟು ಹೊತ್ತು ಅತ್ತು, ಮಾರನೇ ದಿನ ಮತ್ತೆ ಓಡ್ತೀನಿ."

ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಅಲ್ಲೀವರೆಗೂ ಯಾಕೆ ಕಾಯ್ತೀಯ? ಹೆಗಲು ಇವತ್ತೂ ಖಾಲಿನೇ ಇದೆ."

ಅವಳು ಹಣೆಯನ್ನು ಅವನ ಹೆಗಲಿಗೆ ಆನಿಸಿದಳು.